ಮೊದಲು ಮಗ ಬಾಗಲಿ

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆದು ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ಅಷ್ಟು ದಿನವೂ ಹಾಸನದ ಮನೆಗಳಲ್ಲಿ ನೆಂಟರಿಷ್ಟರು ತುಂಬಿರುತ್ತಾರೆ. ಅವರು ಊರಿಗೆ ಹೊರಟ ಮೇಲೆ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬರುವವರು ಹೆಚ್ಚುತ್ತಾರೆ. ಬೇರೆ ಯಾವ ದೂರು ಇರಲಿ ಬಿಡಲಿ, ‘ಸೊಸೆ ಹಿರಿಯರ ಕಾಲಿಗೆ ಬೀಳುವುದಿಲ್ಲ’ ಎನ್ನುವುದಂತೂ ಇದ್ದೇ ಇರುತ್ತದೆ. ಅತ್ತೆಯ ಕಾಟಕ್ಕೆ ಕಲ್ಲಾದಳೆನ್ನುವ ಸೊಸೆಯನ್ನು ಗುಡಿಯೊಳಗೇ ಇಟ್ಟುಕೊಂಡಿರುವ ಊರು ನಮ್ಮದು, ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಹೀಗೆ ಬಂದ ಒಂದು ಕುಟುಂಬದ ಕಥೆ ಇದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸೊಸೆ ಚಿಕ್ಕಮಗಳೂರಿನ ಕಡೆಯವಳು, ಶಿಕ್ಷಕಿ. ದೀಪಾವಳಿಯಿಂದ ಅತ್ತೆ ಅವಳೊಡನೆ ಮಾತು ಬಿಟ್ಟಿದ್ದರು. ಮಗ ಇಬ್ಬರಿಗೂ ಹೂಂಗುಟ್ಟಿ ದಿನ ದೂಡುತ್ತಿದ್ದ. ಮೂವರನ್ನೂ ಒಟ್ಟಿಗೇ ಕೂರಿಸಿಕೊಂಡೆ.

“ಅವಳು ಅಡುಗೆ ಮಾಡದಿದ್ದರೂ ನಾನು ಕೇಳುವವಳಲ್ಲ ಮೇಡಂ. ಆದರೆ ಮನೆಗೆ ಬಂದ ಭಾವನವರಿಗೆ, ಅಷ್ಟು ಜನ ನೆಂಟರ ಎದುರು, ಬರೀ ಕೈ ಮುಗಿದು ನಿಂತುಬಿಟ್ಟಳು. ನನಗೆ ತಲೆ ಎತ್ತಲಾಗಲಿಲ್ಲ” ಎಂದರು ಅತ್ತೆ. ಹಿರಿಯರಿಗೆ ನಮಸ್ಕರಿಸಿದವರಿಗೆ ಆಯುಷ್ಯ, ವಿದ್ಯೆ, ಯಶಸ್ಸು, ಬಲ ನಾಲ್ಕೂ ಹೆಚ್ಚುತ್ತವೆ ಎಂದು ಶಾಸ್ತ್ರವೇ ಹೇಳಿದೆ ಎಂಬುದನ್ನೂ ಸೇರಿಸಿದರು.

ಸೊಸೆ ನನ್ನನ್ನು ನೋಡಿಕೊಂಡೇ ಹೇಳಿದಳು. “ಮೊದಲ ವರ್ಷ ದೊಡ್ಡ ಮಾವನವರ ಕಾಲಿಗೆ ಬಿದ್ದಿದ್ದೆ. ದಿವಾನದ ಮೇಲೆ ಕುಳಿತು ಟಿವಿ ನೋಡುತ್ತಿದ್ದರು. ಮಡಿಸಿಟ್ಟುಕೊಂಡಿದ್ದ ಒಂದು ಕಾಲನ್ನು ಬಿಡಿಸಿ ನನ್ನ ಕಡೆಗೆ ಚಾಚಿದರು. ನಾನು ಮುಟ್ಟಿದ ಮೇಲೆ ಮತ್ತೆ ಮಡಿಸಿಕೊಂಡರು. ಮುಖ ಇತ್ತ ತಿರುಗಲೇ ಇಲ್ಲ. ಅವರಿಗೆ ನನ್ನ ಹೆಸರಾದರೂ ಗೊತ್ತಿದೆಯೋ ಇಲ್ಲವೋ.”

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. “ನಾನು ಬಂದಾಗ ಮನೆಯಲ್ಲಿ ಟಿವಿ ಇರಲಿಲ್ಲ. ಇಸ್ಪೀಟು ಆಡುತ್ತಿದ್ದರು” ಎಂದರು. ಸ್ವಲ್ಪ ತಡೆದು, “ಆದರೂ ನಾನು ಬಿದ್ದೆನಲ್ಲ” ಎಂದರು.

ಇಂಥ ಹೊತ್ತಿನಲ್ಲಿ ‘ನೋಡಿ, ಇಬ್ಬರದೂ ಒಂದೇ ನೋವು’ ಎಂದು ಹೇಳಿ ಸಮಾಧಾನ ಮಾಡಿಸಿ ಕಳಿಸುವ ಆಸೆ ಯಾರಿಗಾದರೂ ಬರುತ್ತದೆ. ನಾನು ಹಾಗೆ ಮಾಡುವುದಿಲ್ಲ. ತನಗಾದದ್ದು ಅವಮಾನವೆಂದು ಆ ತಾಯಿ ಒಪ್ಪಿಕೊಂಡರೆ ಅಷ್ಟು ವರ್ಷ ಬಾಗಿದ್ದು ವ್ಯರ್ಥವಾದಂತೆ. ಸೊಸೆಯೂ ಬಾಗಿದರೆ ಮಾತ್ರ ಅದು ಪದ್ಧತಿಯಾಗಿ ಉಳಿಯುತ್ತದೆ. ಅವರ ಹಟ ಭಾವನವರ ಮರ್ಯಾದೆಗಾಗಿ ಅಲ್ಲವೇ ಅಲ್ಲ, ತನ್ನದೇ ಹಳೆಯ ಲೆಕ್ಕಕ್ಕಾಗಿ. ಅದನ್ನು ಕೆದಕದೆ ಮಗನ ಕಡೆ ತಿರುಗಿದೆ.

“ದೊಡ್ಡಪ್ಪ ಬಂದಾಗ ನೀವೆಲ್ಲಿದ್ದಿರಿ?”

“ಬಸ್ ನಿಲ್ದಾಣದಿಂದ ಕರೆತಂದವನೇ ನಾನು.”

“ಕಾಲಿಗೆ ಬಿದ್ದಿರಾ?”

ಆತ ನಕ್ಕುಬಿಟ್ಟ. “ನಾನು ಮನೆಯವನೇ ಅಲ್ಲವೇ ಮೇಡಂ?”

ನಾನು ಏನೂ ಹೇಳಬೇಕಾಗಲಿಲ್ಲ. ಹೆಂಡತಿ ಮೊದಲ ಬಾರಿಗೆ ಅವನ ಮುಖವನ್ನೇ ನೋಡಿದಳು. ಅಂದರೆ ಬಾಗುವುದು ಹೊರಗಿನಿಂದ ಬಂದವಳಿಗೆ ಮಾತ್ರ! ಹಿರಿಯರ ಮೇಲಿನ ಗೌರವವೇ ಕಾರಣವಾಗಿದ್ದರೆ ಅದು ದೊಡ್ಡಪ್ಪನ ಎತ್ತಿನ ಗಾಡಿಯಲ್ಲಿ ಆಡಿ ಬೆಳೆದವನಿಗೆ ಮೊದಲು ಇರಬೇಕಿತ್ತು.

ಶಾಸ್ತ್ರದ ಮಾತು ಬಂದದ್ದರಿಂದ ಶಾಸ್ತ್ರವನ್ನೇ ಹೇಳಿದೆ. ಅತ್ತೆ ಹೇಳಿದ ಶ್ಲೋಕ ಮನುಸ್ಮೃತಿಯ 2ನೇ ಅಧ್ಯಾಯದ್ದು. ಅಲ್ಲಿ ಹೇಳುತ್ತಿರುವುದು ಗುರುವಿನ ಬಳಿ ಓದುವ ಬ್ರಹ್ಮಚಾರಿಯ ನಡತೆ, ಸೊಸೆಯದಲ್ಲ, ಹುಡುಗನದು. ನಾಲ್ಕಾರು ಶ್ಲೋಕ ಕಳೆದರೆ, ನಮಸ್ಕಾರಕ್ಕೆ ಪ್ರತಿಯಾಗಿ ಹರಸಲು ತಿಳಿಯದವನಿಗೆ ನಮಸ್ಕರಿಸಬೇಡ ಎಂದೂ ಇದೆ. (ಅದೇ ಶ್ಲೋಕದ ಕೊನೆಯಲ್ಲಿ ಶೂದ್ರರನ್ನು ಕೀಳುಗಳೆಯುವ ಮಾತಿದೆ, ಅದಕ್ಕೆ ನನ್ನ ಕೋಣೆಯಲ್ಲಿ ಜಾಗವಿಲ್ಲ. ಆದರೆ ಶಾಸ್ತ್ರವನ್ನು ಎದುರಿಗಿಡುವವರು ಇಡೀ ಪುಟ ಓದಲಿ ಎಂಬುದು ನನ್ನ ತಕರಾರು.) ಇಪ್ಪತ್ತು ತುಂಬಿದ ಶಿಷ್ಯ ಹರೆಯದ ಗುರುಪತ್ನಿಯ ಪಾದ ಮುಟ್ಟಿ ನಮಸ್ಕರಿಸಬಾರದು ಎಂದೂ ಅಲ್ಲಿಯೇ ಹೇಳಿದೆ. ಮಲಗಿದವರಿಗೆ ಬೀಳಬಾರದು, ಸೂತಕದಲ್ಲಿ ಬೀಳಬಾರದು ಎಂದು ನಮ್ಮ ಅಜ್ಜಿಯರೂ ಹೇಳುತ್ತಿದ್ದರು. ಎಲ್ಲರೂ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಬೀಳಬೇಕೆಂಬ ನಿಯಮ ಎಂದೂ ಇರಲಿಲ್ಲ.

ಕೊಟ್ಟ ಸಲಹೆ ಇಷ್ಟು. ಹಬ್ಬಹರಿದಿನಗಳಲ್ಲಿ ಮಗ ಮೊದಲು ಬಾಗಬೇಕು, ಆಮೇಲೆ ಗಂಡಹೆಂಡತಿ ಜೊತೆಯಾಗಿ. ಅವನು ಬಾಗದ ಕಡೆ ಅವಳನ್ನು ಬಾಗೆಂದು ಯಾರೂ ಹೇಳಬಾರದು. ನೆಂಟರ ಎದುರು ಕಣ್ಸನ್ನೆಯಲ್ಲಿ ‘ಬೀಳು’ ಎನ್ನುವುದಂತೂ ಕೂಡದು. ದೊಡ್ಡ ಮಾವನವರಿಗೆ ಕೈ ಮುಗಿದು, “ಚೆನ್ನಾಗಿದ್ದೀರಾ” ಎಂದು ಕೇಳಿದರೆ ಸಾಕು. ಅತ್ತೆಗೆ ಹೇಳಿದ್ದು: ಯಾರೇ ಬಾಗಿದರೂ ಕೈಯಲ್ಲಿರುವುದನ್ನು ಕೆಳಗಿಡಿ, ತಲೆ ಮುಟ್ಟಿ, ಹೆಸರು ಹಿಡಿದು ಹರಸಿ.

ಕಾಲಿಗೆ ಬೀಳುವ ಪದ್ಧತಿಯನ್ನೇ ಬಿಡೆಂದು ಏಕೆ ಹೇಳಲಿಲ್ಲ ಎಂದು ನನ್ನ ವೃತ್ತಿಯ ಗೆಳತಿಯೊಬ್ಬಳು ಆಕ್ಷೇಪಿಸಿದಳು. ಏಕೆಂದರೆ ಅದು ಆ ಹುಡುಗಿಯ ದೂರಾಗಿರಲಿಲ್ಲ. ತವರಿಗೆ ಹೋದಾಗಲೆಲ್ಲ ಅಜ್ಜಿಯ ಕಾಲಿಗೆ ಬಿದ್ದೇ ಒಳಗೆ ಹೋಗುವವಳು ಅವಳು. ಅವಳಿಗಿಲ್ಲದ ಬಂಡಾಯವನ್ನು ನಾನೇಕೆ ಅವಳ ತಲೆಗೆ ಕಟ್ಟಲಿ? ಇಂಥ ಸಲಹೆಯಿಂದ ಮನೆ ಒಡೆಯುತ್ತದೆ ಎನ್ನುವವರೂ ಇದ್ದಾರೆ. ಗಂಡುಮಗ ಬಾಗಿದ್ದಕ್ಕೆ ಒಡೆಯುವ ಮನೆಯನ್ನು ನಾನಿನ್ನೂ ಕಂಡಿಲ್ಲ.

ಯುಗಾದಿಗೆ ಮಗ ಬಾಗಿದನಂತೆ, ಸೊಸೆಯೂ ಬಾಗಿದಳಂತೆ. ಅತ್ತೆಯೇ ಫೋನ್ ಮಾಡಿ ಹೇಳಿದರು. ಆದರೂ ಕೊರಗು ಹೋಗಿರಲಿಲ್ಲ. “ಭಾವನವರಿಗೆ ಮಾತ್ರ ಇವಳು ಈಗಲೂ ಕೈ ಮುಗಿಯುವುದಷ್ಟೇ. ಏನಮ್ಮಾ ಇದು ಎಂದು ಅವರು ಕೇಳಿದರೆ ಏನು ಹೇಳಲಿ ಮೇಡಂ?”

“ಕೇಳಿದರೇ?”

“ಇಲ್ಲ,” ಎಂದರು. “ಅವರು ಗಮನಿಸಿದಂತೆಯೇ ಇಲ್ಲ.”