ನಿಶ್ಚಿತಾರ್ಥದ ಫೋಟೊ, ವಿಡಿಯೊ ಎರಡನ್ನೂ ಗೊತ್ತಾಗದ ಹಾಗೆ ಬೆರೆಸುವುದು ಹೇಗೆ?

ಗೊತ್ತಾಗದ ಹಾಗೆ ಯಾಕೆ ಬೆರೆಸಬೇಕು, ಮೊದಲು ಅದು ಹೇಳಿ. ಅಕ್ಕನ ನಿಶ್ಚಿತಾರ್ಥದ ಫೋಟೊ, ಮೊಬೈಲ್ ಕ್ಲಿಪ್ ಎಲ್ಲಾ ಸೇರಿಸಿ ಮದುವೆಗೆ ಮುಂಚೆ ಒಂದು ವಿಡಿಯೊ ಮಾಡಿಕೊಡಬೇಕು, ಯಾವ ಸಾಫ್ಟ್‌ವೇರ್, ಯಾವ ಟ್ರಾನ್ಸಿಷನ್ (ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟಿಸುವ ಎಫೆಕ್ಟ್) ಅಂತ ಕೇಳಿದ್ದೀರಿ. 2016ರಲ್ಲಿ ನಾನೂ ಇದನ್ನೇ ಊರೆಲ್ಲಾ ಕೇಳಿಕೊಂಡು ಓಡಾಡುತ್ತಿದ್ದೆ.

ಆಗ ಅರಸೀಕೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇತ್ತು. ಪಾಸ್‌ಪೋರ್ಟ್ ಸೈಜ್ ಫೋಟೊ, ಝೆರಾಕ್ಸ್, ಇಷ್ಟರಲ್ಲೇ ಬಾಡಿಗೆ ಹುಟ್ಟುತ್ತಿತ್ತು. ಹತ್ತಿರದ ಹಳ್ಳಿಯೊಂದರ ನಿಶ್ಚಿತಾರ್ಥಕ್ಕೆ ಫೋಟೊ, ವಿಡಿಯೊ ಸೇರಿ 18 ಸಾವಿರಕ್ಕೆ ಒಪ್ಪಿಕೊಂಡೆ. ಹತ್ತು ಸಾವಿರ ಅಡ್ವಾನ್ಸ್ ಕೊಟ್ಟರು. ಇದು ಚೆನ್ನಾಗಿ ಬಂದರೆ ಮದುವೆ ಆರ್ಡರೂ ನಿಮಗೇ ಅಂದರು ಹುಡುಗಿಯ ತಂದೆ. ಸರಿ, ಜಿಲ್ಲೆಯಲ್ಲಿ ಯಾರೂ ನೋಡಿರದಂಥ ವಿಡಿಯೊ ಮಾಡಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿತು.

ತಾಂಬೂಲ ಬದಲಾಯಿಸಿದ್ದು, ಲಗ್ನಪತ್ರಿಕೆ ಓದಿದ್ದು, ಹೂ ಮುಡಿಸಿದ್ದು ಎಲ್ಲಾ ತೆಗೆದೆ. ಆರತಿ ಎತ್ತುವಾಗ ಹುಡುಗಿಯ ಅಜ್ಜಿ ಸೋಬಾನೆ ಪದ ಹೇಳಿದರು. ಒಂದು ಕೈ ಕಂಬದ ಮೇಲೆ, ಇನ್ನೊಂದರಲ್ಲಿ ಎಲೆಅಡಿಕೆ ಚೀಲ. ಹಿಂದೆ ಮೂರು ಜನ ಹೆಂಗಸರು ದನಿಗೂಡಿಸುತ್ತಿದ್ದರು. ನಡುವೆ ಒಂದು ಸಾಲು ಮರೆತು, ಅಜ್ಜಿಯೇ ನಕ್ಕು, ಮತ್ತೆ ಎತ್ತಿಕೊಂಡರು. ನಾಲ್ಕು ನಿಮಿಷದ ಕ್ಲಿಪ್. ಕ್ಯಾಮೆರಾ ಹಿಡಿದವನು ನಾನೇ ಆದರೂ ಆ ಹಾಡಿನ ಒಂದು ಸಾಲೂ ನನಗೆ ನೆನಪಿಲ್ಲ. ಫೋಕಸ್ ನೋಡುತ್ತಿದ್ದೆ.

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ, ತಾಳಿಕೊಳ್ಳಿ.

ವಿಡಿಯೊನ ಫೋಟೊ ಥರ ಕಾಣಿಸಬೇಕು ಅಂತ ಕ್ಲಿಪ್‌ಗಳನ್ನೆಲ್ಲ ಅರ್ಧ ವೇಗಕ್ಕೆ ಇಳಿಸಿದೆ. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ತೆಗೆದದ್ದನ್ನು ಅರ್ಧಕ್ಕೆ ಇಳಿಸಿದರೆ ಪ್ರತಿ ಫ್ರೇಮೂ ಎರಡೆರಡು ಸಲ ಬರುತ್ತೆ, ಚಿತ್ರ ಕುಂಟುತ್ತೆ. ಅದನ್ನು ಮುಚ್ಚಲು ಮೇಲೊಂದಿಷ್ಟು ಹೂವಿನ ಎಫೆಕ್ಟ್ ಉದುರಿಸಿದೆ. ನಿಧಾನ ಮಾಡಿದ ಮೇಲೆ ದನಿ ದೆವ್ವದ ಥರ ಕೇಳಿಸಿತು. ಹೇಗೂ ಫ್ಯಾನ್ ಸದ್ದು, ಪಾತ್ರೆ ಸದ್ದು ತುಂಬಿತ್ತಲ್ಲ ಅಂತ ಎಲ್ಲಾ ಕ್ಲಿಪ್‌ನ ಆಡಿಯೊ ಅಳಿಸಿ, ಮೇಲೆ ಒಂದು ಸಿನಿಮಾ ಹಾಡು ಹಾಕಿದೆ. ಫೋಟೊಗಳಿಗೂ ಹಾಗೇ, ಎಲ್ಲಕ್ಕೂ ಝೂಮು, ಎಲ್ಲಕ್ಕೂ ತಿರುಗುವ ಪುಟ.

ಇಲ್ಲಿಗೆ ನಿಲ್ಲಿಸಿದ್ದರೂ ಬದುಕುತ್ತಿದ್ದೆ. ಆದರೆ ಮುಹೂರ್ತದ ಸೀಸನ್. ಕ್ಯಾಮೆರಾಗೆ ಇದ್ದದ್ದು ಎರಡೇ ಮೆಮೊರಿ ಕಾರ್ಡು, ಮಾರನೇ ದಿನವೇ ಫಾರ್ಮ್ಯಾಟ್ ಮಾಡಿದೆ. ಕಂಪ್ಯೂಟರ್‌ನಲ್ಲಿ ಕಾಪಿ ಇತ್ತು, ಹಾರ್ಡ್‌ಡಿಸ್ಕ್ ತುಂಬಿದಾಗ ಅದನ್ನೂ ಅಳಿಸಿದೆ. ಪ್ರಾಜೆಕ್ಟ್ ಫೈಲ್ ಇಟ್ಟುಕೊಂಡಿದ್ದೀನಲ್ಲ ಅನ್ನುವ ಧೈರ್ಯ. ಆ ಫೈಲ್ ಎಷ್ಟಿತ್ತು ಗೊತ್ತಾ? ಎರಡು ಎಂಬಿ ಕೂಡ ಇರಲಿಲ್ಲ. ಮೂವತ್ತು ಜಿಬಿ ವಿಡಿಯೊ ಅದರೊಳಗೆ ಹೇಗೆ ಕೂತಿರುತ್ತೆ ಅಂತ ಒಂದು ಸಲವೂ ಯೋಚಿಸಲಿಲ್ಲ. ಪ್ರಾಜೆಕ್ಟ್ ಫೈಲ್ ಅಂದರೆ ಅಂಗಡಿ ಚೀಟಿ ಇದ್ದ ಹಾಗೆ: ಈ ಕ್ಲಿಪ್ ಈ ಫೋಲ್ಡರ್‌ನಲ್ಲಿದೆ, ಇಲ್ಲಿಂದ ಇಲ್ಲಿಗೆ ಕತ್ತರಿಸು ಅಂತ ಬರೆದಿರುತ್ತೆ ಅಷ್ಟೆ. ಸಾಮಾನು ಅದರಲ್ಲಿ ಇರಲ್ಲ.

ಪೆನ್‌ಡ್ರೈವ್ ಕೊಟ್ಟು ಬಂದೆ. ಮೂರು ವಾರ ಬಿಟ್ಟು ಹುಡುಗಿಯ ತಾಯಿ ಫೋನ್ ಮಾಡಿದರು. ‘ವಿಡಿಯೊ ಚೆನ್ನಾಗಿದೆ. ಅಮ್ಮನ ಹಾಡು ಎಲ್ಲಿ?’ ಅಂಗಡಿಗೆ ಓಡಿ ಪ್ರಾಜೆಕ್ಟ್ ತೆರೆದೆ. ಒಂದೊಂದು ಕ್ಲಿಪ್ ಇದ್ದ ಜಾಗದಲ್ಲೂ ಕೆಂಪು ಪರದೆ, ‘ಮೀಡಿಯಾ ಆಫ್‌ಲೈನ್’ ಅಂತ. ಅಳಿಸಿದ ಫೈಲ್ ಎತ್ತುವ ಸಾಫ್ಟ್‌ವೇರ್ ಓಡಿಸಿದೆ. ಅಷ್ಟರಲ್ಲಿ ಆ ಜಾಗದಲ್ಲಿ ಬೇರೆ ಮೂರು ಮದುವೆ ಕೂತಿದ್ದವು.

ಅಜ್ಜಿಯನ್ನೇ ಮತ್ತೆ ಹಾಡಿಸೋಣ ಅಂತ ರೆಕಾರ್ಡರ್ ಹಿಡಿದು ಅವರ ಮನೆಗೆ ಹೋದೆ. ‘ಆರತಿ ತಟ್ಟೆ ಎಲ್ಲಪ್ಪಾ? ಹಸೆ ಮೇಲೆ ಯಾರು ಕೂತವ್ರೆ? ಸುಮ್ನೆ ಗೋಡೆ ನೋಡ್ಕಂಡು ಸೋಬಾನೆ ಹೇಳ್ತಾರೇನಪ್ಪ?’ ಅಂದರು. ಕಾಫಿ ಕೊಟ್ಟು ಕಳಿಸಿದರು. ಬಾಕಿ ಎಂಟು ಸಾವಿರ ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ. ಮದುವೆಯ ಫೋಟೊ, ವಿಡಿಯೊ ಬೇರೆಯವರು ಮಾಡಿದರು. ಯಾರೋ ನೆಂಟರ ಹುಡುಗ ಮೊಬೈಲಿನಲ್ಲಿ ಇಪ್ಪತ್ತು ಸೆಕೆಂಡ್ ಹಿಡಿದಿದ್ದನಂತೆ. ಅರ್ಧ ಪರದೆ ಮಗುವೊಂದರ ತಲೆ, ಆದರೆ ದನಿ ಇದೆ. ಆ ಮನೆಯವರು ಇಟ್ಟುಕೊಂಡಿರುವುದು ಅದನ್ನೇ.

ಹಾಗಾಗಿ ಟ್ರಾನ್ಸಿಷನ್ ವಿಷಯ ಬಿಡಿ. ಫೋಟೊ ನಿಂತೇ ಇರಲಿ, ವಿಡಿಯೊ ಮಾತಾಡಲಿ. ಎರಡನ್ನೂ ಅಂಟಿಸುವುದು ದನಿ. ಅಕ್ಕ ತಲೆ ತಗ್ಗಿಸಿ ಕೂತಿರುವ ಫೋಟೊ ಪರದೆಯ ಮೇಲಿದೆ ಅನ್ನಿ. ಮುಂದಿನ ಕ್ಲಿಪ್‌ನಲ್ಲಿ ಸೋದರತ್ತೆ ಬಳೆ ಇಡುತ್ತಾ ಏನೋ ತಮಾಷೆ ಮಾಡುತ್ತಾರೆ. ಆ ಮಾತು ಒಂದೂವರೆ ಸೆಕೆಂಡ್ ಮೊದಲೇ, ಫೋಟೊ ಇರುವಾಗಲೇ ಕೇಳಿಸಲಿ. ಆಮೇಲೆ ನೇರವಾಗಿ ಕಟ್ ಮಾಡಿ. ಇದಕ್ಕೆ ಜೆ-ಕಟ್ ಅಂತಾರೆ. ನೀವು ಹುಡುಕುತ್ತಿರುವ ಮಾಯ ಇದೇ, ಒಂದು ಎಫೆಕ್ಟೂ ಬೇಡ. ಫೋಟೊಗಳ ಕೆಳಗೆ ಛತ್ರದ ಗದ್ದಲವನ್ನೇ ಸಣ್ಣಗೆ ಓಡಿಸಿ. ಹಾಡು ಬೇಕೇಬೇಕು ಅಂದರೆ ಮಾತು ಬಂದಾಗ ಅದನ್ನು ತಗ್ಗಿಸಿ. ಸಿನಿಮಾ ಹಾಡಾದರೆ ಇನ್‌ಸ್ಟಾಗ್ರಾಮ್‌ಗೆ ಹಾಕಿದ ಮೇಲೆ ಮ್ಯೂಟ್ ಆಗುವುದೂ ಉಂಟು.

ಒಂದು ಫೋಟೊಗೆ ಮೂರ್ನಾಲ್ಕು ಸೆಕೆಂಡ್ ಸಾಕು. ಗುಂಪು ಫೋಟೊಗೆ ಐದು ಕೊಡಿ, ಜನ ತಮ್ಮನ್ನು ತಾವು ಹುಡುಕುತ್ತಾರೆ. ಝೂಮ್ ಮಾಡಿದರೆ ಶೇಕಡಾ ನೂರರಿಂದ ನೂರೈದರವರೆಗೆ, ಅದೂ ಎಲ್ಲದಕ್ಕೂ ಬೇಡ. ಅಗಲಕ್ಕೂ ಎತ್ತರಕ್ಕೂ ಇರುವ ಅಳತೆ ಕ್ಯಾಮೆರಾ ಫೋಟೊದಲ್ಲಿ ಸಾಮಾನ್ಯವಾಗಿ 3:2, ವಿಡಿಯೊದಲ್ಲಿ 16:9. ಪರದೆ ತುಂಬಿಸಿದರೆ ಎತ್ತರದಲ್ಲಿ ಹೆಚ್ಚುಕಡಿಮೆ ಆರರಲ್ಲೊಂದು ಪಾಲು ಹೋಗುತ್ತೆ, ಮಾವನ ಪೇಟ ಮೊದಲು ಹೋಗುತ್ತೆ. ಒಂದೊಂದನ್ನೂ ಕೈಯಿಂದ ಸರಿಸಿ ನೋಡಿ. ಉದ್ದುದ್ದ ಹಿಡಿದ ಮೊಬೈಲ್ ಕ್ಲಿಪ್ ಇದ್ದರೆ ಪಕ್ಕದಲ್ಲಿ ಒಂದು ಉದ್ದದ ಫೋಟೊ ಇಡಿ. ಅಕ್ಕಪಕ್ಕ ಮಸುಕು ಮಾಡುವುದಕ್ಕಿಂತ ನನಗದು ಇಷ್ಟ.

ನೆಂಟರಿಂದ ಕ್ಲಿಪ್ ತರಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಮಾಮೂಲಿ ಕಳಿಸಿದರೆ ಕುಗ್ಗಿಬಿಡುತ್ತೆ. ಬಂದದ್ದನ್ನೆಲ್ಲ ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಆಡಿಯೊ ಸಮೇತ. ಅದು ಆಗುವವರೆಗೆ ಎಡಿಟಿಂಗ್ ಶುರು ಮಾಡಬೇಡಿ.

ಸಾಫ್ಟ್‌ವೇರ್ ಕೇಳಿದ್ದಿರಲ್ಲ. ಕಂಪ್ಯೂಟರ್ ಗಟ್ಟಿ ಇದ್ದರೆ ಡಾವಿಂಚಿ ರಿಸಾಲ್ವ್, ಉಚಿತ ಆವೃತ್ತಿಯೇ ಜಾಸ್ತಿ ಆಯಿತು. ಹಳೇ ಲ್ಯಾಪ್‌ಟಾಪ್‌ನಲ್ಲಿ ಅದು ಏದುಸಿರು ಬಿಡುತ್ತೆ. ಮೊಬೈಲ್ ಒಂದೇ ಇದ್ದರೆ ಕೈನ್‌ಮಾಸ್ಟರ್ ಸಾಕು.