ಹಳೇ ಕಾರಿಗೆ ಯಾವ ಥರ್ಮೋಸ್ಟಾಟ್ ಹಾಕಿಸಬೇಕು?

ಪ್ರಶ್ನೆ: ನಮ್ಮದು 1997ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಕೆಲವು ತಿಂಗಳಿಂದ ಟೆಂಪರೇಚರ್ ಮುಳ್ಳು ಮೇಲೇಳುವುದೇ ಇಲ್ಲ, ಶಿವಮೊಗ್ಗ ಮುಟ್ಟಿದರೂ ಕೆಳಗೇ ಇರುತ್ತದೆ. ಲೀಟರಿಗೆ 16 ಕೊಡುತ್ತಿದ್ದದ್ದು 13ಕ್ಕೆ ಇಳಿದಿದೆ. ಮೆಕ್ಯಾನಿಕ್ ಬಿಚ್ಚಿ ನೋಡಿ, ಥರ್ಮೋಸ್ಟಾಟ್ ಬಾಯಿ ತೆರೆದುಕೊಂಡೇ ಕೂತಿದೆ ಎಂದರು. ಹಳೆಯದರ ಮೇಲೆ 82 ಎಂದಿದೆ. ಅಂಗಡಿಯಲ್ಲಿ 76, 82, 88 ಮೂರೂ ಇವೆ. ‘ಹಳೇ ಎಂಜಿನ್, 76 ಹಾಕಿ, ತಣ್ಣಗಿರುತ್ತೆ. ಇಲ್ಲಾಂದ್ರೆ ತೆಗೆದೇ ಬಿಡಿ’ ಎನ್ನುತ್ತಾರೆ. ನಾವು ಆಗಾಗ ಆಗುಂಬೆ ಘಾಟಿ ಹತ್ತುವವರು. ಯಾವುದು ಹಾಕಿಸಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: 82 ಹಾಕಿಸಿ. ತೆಗೆದು ಮಾತ್ರ ಓಡಿಸಬೇಡಿ.

ಆ ಅಂಕಿ ಏನು ಹೇಳುತ್ತದೆ ಅನ್ನೋದು ತಿಳಿದರೆ ಮುಂದಿನದೆಲ್ಲ ಸುಲಭ. ಥರ್ಮೋಸ್ಟಾಟ್ ಒಳಗೆ ಒಂದು ಚಿಕ್ಕ ಹಿತ್ತಾಳೆ ಬಟ್ಟಲಿದೆ, ಅದರೊಳಗೆ ಮೇಣ. ಎಂಜಿನ್ ನೀರು 82 ಡಿಗ್ರಿಗೆ ಬಂದಾಗ ಮೇಣ ಕರಗಿ ಉಬ್ಬುತ್ತದೆ, ಸ್ಪ್ರಿಂಗನ್ನು ಒತ್ತಿಕೊಂಡು, ನೀರು ರೇಡಿಯೇಟರ್ ಕಡೆ ಹೋಗುವ ಬಾಗಿಲು ತೆರೆಯಲು ಶುರುವಾಗುತ್ತದೆ. 95ರ ಹೊತ್ತಿಗೆ ಪೂರ್ತಿ ತೆರೆದಿರುತ್ತದೆ. ಅಂದರೆ ಎಂಜಿನ್ ಎಷ್ಟಕ್ಕಿಂತ ತಣ್ಣಗಿರಬಾರದು ಅನ್ನೋದನ್ನು ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ. ಎಷ್ಟಕ್ಕಿಂತ ಜಾಸ್ತಿ ಬಿಸಿಯಾಗಬಾರದು ಅನ್ನೋದು ರೇಡಿಯೇಟರ್, ಫ್ಯಾನ್, ವಾಟರ್ ಪಂಪ್‌ಗಳ ಕೆಲಸ. ಆಗುಂಬೆ ಘಾಟಿಯ ತಿರುವುಗಳಲ್ಲಿ ಫಸ್ಟ್ ಗೇರಲ್ಲಿ ಏರುವಾಗ 76ರದ್ದೂ 82ರದ್ದೂ ಎರಡೂ ಪೂರ್ತಿ ತೆರೆದೇ ಇರುತ್ತವೆ, ಅಲ್ವಾ? ಹಾಗಾದರೆ ಘಾಟಿಯಲ್ಲಿ 76ರಿಂದ ಏನು ಸಿಕ್ಕಿತು? ಅಲ್ಲಿ ಗಾಡಿ ಬಿಸಿಯಾದರೆ ಕಟ್ಟಿಕೊಂಡ ರೇಡಿಯೇಟರನ್ನು ನೋಡಬೇಕು.

ತಣ್ಣನೆ ಎಂಜಿನ್ ಒಳ್ಳೆಯದು ಅನ್ನೋ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಅದು ತಪ್ಪು, ಮತ್ತು ಅದರಿಂದ ಎಷ್ಟೋ ಒಳ್ಳೇ ಎಂಜಿನ್‌ಗಳು ಬೇಗ ಸವೆದಿವೆ. ಎಂಜಿನ್ ತಣ್ಣಗಿದ್ದರೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಆಯಿಲ್ ಜತೆ ಸೇರುತ್ತದೆ. ನಿಮ್ಮ ಮೈಲೇಜ್ ಬಿದ್ದದ್ದಕ್ಕೂ ಇದೇ ಕಾರಣ ಇರಬಹುದು. ಒಂದು ಕೆಲಸ ಮಾಡಿ, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಮೈ ನೋಡಿ. ಮಳೆಗಾಲದಲ್ಲಿ ಪೇಟೆಗೆ ಹೋಗಿ ಬರುವಷ್ಟೇ ಓಡಿದ ಗಾಡಿಯಾದರೆ ಅಲ್ಲಿ ಕಡೆದ ಬೆಣ್ಣೆ ಹಾಗೆ ಬಿಳಿ-ಹಳದಿ ಲೋಳೆ ಮೆತ್ತಿರುತ್ತದೆ. ಆಯಿಲ್‌ನಲ್ಲಿರುವ ತೇವ ಬಿಸಿಯಾಗಿ ಹಾರಿಹೋಗದೆ ಅಲ್ಲೇ ಕೂತದ್ದು ಅದು. ಆದರೆ ಲೋಳೆಯ ಜತೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಅದು ಬೇರೆ ಕಥೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಮೇಲ್ಭಾಗದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಪರೀಕ್ಷೆ ಮಾಡಿಸಬೇಕು, ತಡ ಮಾಡಬೇಡಿ.

88 ಯಾಕೆ ಬೇಡ ಎಂದರೆ, ನಿಮ್ಮ ಗಾಡಿಯಲ್ಲಿ ಇದ್ದದ್ದು 82. ಫ್ಯಾನ್ ಸ್ವಿಚ್ಚು, ಕಾರ್ಬ್ಯುರೇಟರ್ ಸೆಟ್ಟಿಂಗು ಎಲ್ಲ ಅದಕ್ಕೆ ಹೊಂದಿಕೊಂಡಿವೆ. ಒಂದನ್ನು ಸುಮ್ನೆ ಬದಲಾಯಿಸಿ ಉಳಿದದ್ದನ್ನು ಬಿಡುವುದು ಸರಿಯಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಚಿನ ಅಗಲ, ಎತ್ತರ ಎರಡೂ ಕೂಡಬೇಕು. ಅಂಚಿನಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಅಲುಗಾಡುವ ಪುಟ್ಟ ಪಿನ್ನು ಇರುತ್ತದೆ. ಎಂಜಿನ್‌ಗೆ ನೀರು ತುಂಬುವಾಗ ಒಳಗಿನ ಗಾಳಿ ಹೊರಗೆ ಹೋಗುವ ದಾರಿ ಅದು. ಹಳೆಯದರಲ್ಲಿ ಇದ್ದರೆ ಹೊಸದರಲ್ಲೂ ಇರಲಿ, ಕೂರಿಸುವಾಗ ಆ ತೂತು ಮೇಲ್ಗಡೆ ಬರಲಿ. ಮೇಣದ ಬಟ್ಟಲಿರುವ ಕಡೆ ಎಂಜಿನ್ ಒಳಕ್ಕೆ ಮುಖ ಮಾಡಬೇಕು. ತಿರುವುಮುರುವಾಗಿ ಕೂರಿಸಿದರೆ ಬಿಸಿನೀರು ಮೇಣಕ್ಕೆ ಸರಿಯಾಗಿ ತಾಗುವುದೇ ಇಲ್ಲ, ಎಂಜಿನ್ ಕುದಿಯುತ್ತದೆ.

ಇನ್ನು ನಾನು ಕೈಮುಗಿದು ಕೇಳುವುದು ಒಂದೇ. ಹೊಸದನ್ನೂ ಹಾಕುವ ಮೊದಲು ಮನೆಯಲ್ಲಿ ಪರೀಕ್ಷೆ ಮಾಡಿ. ವರ್ಷಗಳ ಹಿಂದೆ ನಾನು ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದು, ನೋಡದೆ ನಮ್ಮ ಅಪ್ಪನ ಕಾರಿಗೆ ಹಾಕಿಸಿದೆ. ಶಿರಾಡಿ ಘಾಟಿಯಲ್ಲಿ ಅದು ತೆರೆಯಲೇ ಇಲ್ಲ. ಬಾನೆಟ್ ಸಂದಿಯಿಂದ ಆವಿ ಬರುವ ಹೊತ್ತಿಗೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿತ್ತು. ಅಪ್ಪ ರಸ್ತೆ ಬದಿ ಕಲ್ಲಿನ ಮೇಲೆ ಕೂತು ಏನೂ ಮಾತಾಡದೆ ಕಾರನ್ನೇ ನೋಡುತ್ತಿದ್ದದ್ದು ನನಗೆ ಇನ್ನೂ ಮರೆತಿಲ್ಲ.

ಪರೀಕ್ಷೆಗೆ ಬೇಕಾದದ್ದು ಒಂದು ಹಳೇ ಪಾತ್ರೆ, ದಾರ, 100 ಡಿಗ್ರಿ ದಾಟಿ ಅಳೆಯುವ ಥರ್ಮಾಮೀಟರ್. ಜ್ವರ ನೋಡುವುದನ್ನು ಹಾಕಬೇಡಿ, ಒಡೆದುಹೋಗುತ್ತದೆ. ಥರ್ಮೋಸ್ಟಾಟ್ ಬಾಗಿಲನ್ನು ಬೆರಳಿನಿಂದ ಸ್ವಲ್ಪ ಒತ್ತಿ, ಸಂದಿಗೆ ದಾರ ಸಿಕ್ಕಿಸಿ ಬಿಡಿ, ಬಾಗಿಲು ದಾರವನ್ನು ಕಚ್ಚಿಕೊಳ್ಳುತ್ತದೆ. ಆ ದಾರ ಹಿಡಿದು ನೀರೊಳಗೆ ಇಳಿಬಿಡಿ, ಪಾತ್ರೆಯ ತಳಕ್ಕೆ ತಾಗದಿರಲಿ. ಒಲೆ ಸಣ್ಣಗಿಟ್ಟು ನೀರನ್ನು ಆಗಾಗ ಕಲಕುತ್ತಾ ಇರಿ. ಬಾಗಿಲು ತೆರೆದ ಕ್ಷಣ ದಾರ ಬಿಟ್ಟು ‘ಟಣ್’ ಎಂದು ತಳಕ್ಕೆ ಬೀಳುತ್ತದೆ. ಆಗ ಥರ್ಮಾಮೀಟರ್ 80ರಿಂದ 84ರೊಳಗೆ ತೋರಿಸಿದರೆ ಸರಿ. ಹಾಗೇ ಕುದಿಯುವ ತನಕ ಬಿಟ್ಟು ನೋಡಿ, ಬಾಗಿಲು 8 ಮಿಲಿಮೀಟರ್ ಆಸುಪಾಸು ಎದ್ದಿರಬೇಕು. ಆಮೇಲೆ ಹೊರತೆಗೆದು ಆರಲು ಬಿಡಿ. ತಾನಾಗಿ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಅಂಗಡಿಗೆ ವಾಪಸ್ ಕೊಡಿ.

ಹಾಕಿಸುವಾಗ ಗ್ಯಾಸ್ಕೆಟ್ ಹೊಸದಿರಲಿ. ಹಳೇ ಗ್ಯಾಸ್ಕೆಟ್ ಕೆರೆಯುವಾಗ ಉಳಿ ಹಾಕಿದರೆ ಅಲ್ಯೂಮಿನಿಯಂ ಗೀರಿ ಅಲ್ಲಿಂದಲೇ ನೀರು ಸೋರುತ್ತದೆ, ಮರದ ಚಕ್ಕೆಯೋ ಪ್ಲಾಸ್ಟಿಕ್ ಪಟ್ಟಿಯೋ ಸಾಕು. ಬೋಲ್ಟುಗಳು ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಚಿಕ್ಕ ಬೋಲ್ಟು, ಬಲ ಹಾಕಿದರೆ ತುಂಡಾಗುತ್ತದೆ. ಬಾವಿ ನೀರು, ಬೋರ್ ನೀರು ಬೇಡ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸಮಸಮ ಬೆರೆಸಿ ನಿಧಾನವಾಗಿ ತುಂಬಿ. ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗೆದಿಟ್ಟು, ಎಂಜಿನ್ ಚಾಲೂ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್ (ಎಂಜಿನ್‌ನಿಂದ ಬಿಸಿನೀರು ಬರುವ ಕೊಳವೆ) ಬಿಸಿಯಾಗುವ ತನಕ ಗುಳ್ಳೆಗಳು ಹೋಗಲು ಬಿಡಿ. ಬಿಸಿ ಎಂಜಿನ್‌ನ ಕ್ಯಾಪ್ ಮಾತ್ರ ಯಾವತ್ತೂ ತೆಗೆಯಬೇಡಿ.

ಪ್ರಶ್ನೆ: ತಾತ ಓಡಿಸುತ್ತಿದ್ದ ಪೆಟ್ರೋಲ್ ಅಂಬಾಸಡರ್ ಇದೆ, 1489 ಸಿಸಿ ಎಂಜಿನ್. ಇಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ. ಇದಕ್ಕೂ 82 ಸರಿಯೇ? 74 ಹಾಕಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮಗೆ 74 ಹಾಕಿದರೂ ತಪ್ಪಿಲ್ಲ. ನಿಮ್ಮ ಎಂಜಿನ್ ಇಂಗ್ಲೆಂಡಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಮನೆತನದ್ದು. ಆ ಎಂಜಿನ್‌ಗಳಿಗೆ ತಯಾರಕರೇ ಮೂರು ಬಗೆ ಹೇಳಿದ್ದರು. ಬಿಸಿ ದೇಶಗಳಿಗೆ 74, ಸಾಮಾನ್ಯಕ್ಕೆ 82, ಚಳಿ ದೇಶಗಳಿಗೆ 88. ಹಾಗಾಗಿ ತೀರ್ಥಹಳ್ಳಿಯವರಿಗೆ ಬೇಡ ಎಂದದ್ದು ನಿಮಗೆ ಯಾಕೆ ಸರಿ ಎಂದರೆ, ನಿಮ್ಮದರಲ್ಲಿ ಆ ಆಯ್ಕೆಯನ್ನು ಎಂಜಿನ್ ಮಾಡಿದವರೇ ಕೊಟ್ಟಿದ್ದಾರೆ. ವರ್ಷವಿಡೀ ಓಡಿಸುವುದಾದರೆ ನಾನಂತೂ 82 ಹಾಕಿಸುತ್ತೇನೆ, ಕಲಬುರಗಿಯಲ್ಲೂ ಡಿಸೆಂಬರ್ ಬೆಳಗ್ಗೆ ತಣ್ಣಗೇ ಇರುತ್ತದಲ್ಲ.

ಈ ಎಂಜಿನ್‌ನ ಥರ್ಮೋಸ್ಟಾಟ್ ಅಂಚು ಸಾಮಾನ್ಯವಾಗಿ 54 ಮಿಲಿಮೀಟರ್. ಆದರೂ ಹಳೆಯದನ್ನು ವರ್ನಿಯರ್‌ನಲ್ಲಿ ಅಳೆದು ನೋಡಿ, ಇಷ್ಟು ವರ್ಷದಲ್ಲಿ ಯಾರ್ಯಾರ ಕೈಯಲ್ಲಿ ಏನೇನು ಬದಲಾಗಿದೆಯೋ. ಬಿಚ್ಚಿದಾಗ ಮಡಿಕೆ ಮಡಿಕೆಯಾದ ತೆಳು ಲೋಹದ ಹಳೇ ಬೆಲ್ಲೋಸ್ ಮಾದರಿ ಸಿಕ್ಕಿದರೆ ಗಾಬರಿ ಬೇಡ, ಅಳತೆ ಕೂಡಿದರೆ ಮೇಣದ್ದೇ ಹಾಕಿ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಬೆಲ್ಲೋಸ್ ಹಾಳಾದರೆ ಸಾಮಾನ್ಯವಾಗಿ ತೆರೆದುಕೊಂಡು ನಿಲ್ಲುತ್ತಿತ್ತು, ಮೇಣದ್ದು ಮುಚ್ಚಿಕೊಂಡೂ ನಿಲ್ಲಬಹುದು. ಅದಕ್ಕೇ ಮುಳ್ಳಿನ ಮೇಲೆ ಕಣ್ಣಿಡಿ.

ಪ್ರಶ್ನೆ: ನನ್ನ 1996ರ ಮಾರುತಿ ಜೆನ್ ಕಾರು ಸಿಗ್ನಲ್‌ಗಳಲ್ಲಿ ನಿಂತಾಗ ಮಾತ್ರ ಬಿಸಿಯಾಗುತ್ತದೆ, ಮೈಸೂರು ರಸ್ತೆ ಹಿಡಿದರೆ ಮುಳ್ಳು ಇಳಿಯುತ್ತದೆ. ಥರ್ಮೋಸ್ಟಾಟ್ ಬದಲಿಸಲೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸದ್ಯಕ್ಕೆ ಬೇಡ. ಓಡುವಾಗ ತಣ್ಣಗಾಗುತ್ತಿದೆ ಎಂದರೆ ನೀರು ಸರಿಯಾಗಿ ಸುತ್ತುತ್ತಿದೆ, ನಿಂತಾಗ ಗಾಳಿ ಸಿಗುತ್ತಿಲ್ಲ. ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಫ್ಯಾನ್‌ಗೆ ನೇರ ಬ್ಯಾಟರಿ ಕೊಟ್ಟು ಪರೀಕ್ಷೆ ಮಾಡಿಸಿ. ಆಗ ತಿರುಗಿದರೆ ಮೋಟಾರ್ ಚೆನ್ನಾಗಿದೆ, ಫ್ಯೂಸ್, ವೈರ್ ಅಥವಾ ಫ್ಯಾನ್ ಸ್ವಿಚ್ ಹೋಗಿದೆ. ಎಂಜಿನ್ ಬಿಸಿಯಾಗಿದ್ದೂ ಮೇಲಿನ ಹೋಸ್ ತಣ್ಣಗೇ ಇದ್ದರೆ ಮಾತ್ರ ಥರ್ಮೋಸ್ಟಾಟ್ ಬಿಚ್ಚಿ.