ಕಾರವಾರದಲ್ಲಿ ಸಿಕ್ಕ ‘ಪೋ ಬಾಯ್’ ಎಷ್ಟು ಅಸಲಿ?

ಅಡುಗೆ-ರುಚಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾರವಾರದ ಒಂದು ಹೋಟೆಲಿನಲ್ಲಿ ‘ಶ್ರಿಂಪ್ ಪೋ ಬಾಯ್’ ಎಂದು ಅಮೆರಿಕದ ಸ್ಯಾಂಡ್‌ವಿಚ್ ಕೊಡುತ್ತಾರೆ. ಬರ್ಗರ್ ಬನ್ನಿನ ನಡುವೆ ರವೆ ಹಚ್ಚಿ ಕರಿದ ಆರೇಳು ಸಿಗಡಿ, ಹೆಚ್ಚಿದ ಎಲೆಕೋಸು, ಸಿಹಿಸಿಹಿ ಮಯೊನೀಸ್. ತಿನ್ನಲು ಕೆಟ್ಟದ್ದೇನೂ ಇರಲಿಲ್ಲ. ಆದರೆ ಅದು ನಿಜವಾದ ಪೋ ಬಾಯ್ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ?
– ಕೋಡಿಬಾಗದ ಓದುಗರು

ಉತ್ತರ: ರವೆ, ಎಲೆಕೋಸಿನ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಬನ್ನಿನದು.

ಪೋ ಬಾಯ್ ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ನ ತಿಂಡಿ. 1929ರಲ್ಲಿ ಅಲ್ಲಿನ ಟ್ರಾಮ್ ನೌಕರರು ಮುಷ್ಕರ ಹೂಡಿದಾಗ ಬೆನ್ನಿ ಮತ್ತು ಕ್ಲೋವಿಸ್ ಮಾರ್ಟಿನ್ ಎಂಬ ಅಣ್ಣತಮ್ಮಂದಿರು ತಮ್ಮ ಹೋಟೆಲಿನಿಂದ ಅವರಿಗೆ ಪುಕ್ಕಟೆ ಸ್ಯಾಂಡ್‌ವಿಚ್ ಕೊಟ್ಟರು. ಇಬ್ಬರೂ ಮೊದಲು ಟ್ರಾಮ್ ಕಂಡಕ್ಟರ್‌ಗಳೇ ಆಗಿದ್ದವರು. ಆಗಿನ ಫ್ರೆಂಚ್ ಬ್ರೆಡ್ಡಿನ ತುದಿಗಳು ಚೂಪಾಗಿದ್ದವು. ತುಂಡು ಮಾಡಿದರೆ ಒಬ್ಬನಿಗೆ ದೊಡ್ಡದು, ಇನ್ನೊಬ್ಬನಿಗೆ ಮೊನೆ. ಅದಕ್ಕೆಂದೇ ಜಾನ್ ಜೆಂಡುಸಾ ಎಂಬ ಬೇಕರಿಯವರು ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಗಲದ, ಸುಮಾರು 40 ಇಂಚು ಉದ್ದದ ಬ್ರೆಡ್ ಮಾಡಿಕೊಟ್ಟರು. ಒಳಗಿನ ಹೂರಣ ಏನಾದರೂ ಆಗಬಹುದು: ಕರಿದ ಸಿಗಡಿ, ಕಲ್ವಾ (ಆಯ್ಸ್ಟರ್), ಮೀನು, ಗ್ರೇವಿಯಲ್ಲಿ ಬೆಂದ ದನದ ಮಾಂಸ. ಬ್ರೆಡ್ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಪರೀಕ್ಷೆ ಬ್ರೆಡ್ಡಿನಿಂದಲೇ ಶುರುವಾಗಬೇಕು.

ತಟ್ಟೆ ಬಂದ ಕೂಡಲೇ ಸ್ಯಾಂಡ್‌ವಿಚ್‌ನ ಮೂಲೆಯನ್ನು ಎರಡು ಬೆರಳಲ್ಲಿ ಒತ್ತಿ. ಮೇಲ್ಪದರ ತೆಳ್ಳಗಿದ್ದು ಚಟ್ಟನೆ ಒಡೆದು ತಟ್ಟೆಗೆ ಪುಡಿ ಉದುರಬೇಕು. ಒಳಗಿನ ತಿರುಳು ಹತ್ತಿಯಷ್ಟು ಹಗುರ, ಒತ್ತಿದರೆ ಅರ್ಧಕ್ಕೆ ಇಳಿಯುವಂಥದ್ದು. ಬರ್ಗರ್ ಬನ್ನಿನಲ್ಲಿ ಬೆಣ್ಣೆ, ಸಕ್ಕರೆ ಹೆಚ್ಚು. ಎಣ್ಣೆ ಹೀರಿ ಐದು ನಿಮಿಷದಲ್ಲಿ ಮುದ್ದೆಯಾಗುತ್ತದೆ, ಅದರ ಸಿಹಿಯು ಸಿಗಡಿಯ ರುಚಿಯನ್ನು ಮುಚ್ಚುತ್ತದೆ. ಕೆಲವು ಹೋಟೆಲುಗಳು ಇದಕ್ಕೆ ಹೆದರಿ ಬಾಗೆಟ್ ಎಂಬ ಗಟ್ಟಿ ಮೇಲ್ಪದರದ ಉದ್ದನೆಯ ಬ್ರೆಡ್ ಹಾಕುತ್ತವೆ. ಅದು ಇನ್ನೊಂದು ತಪ್ಪು. ಹಲ್ಲಿಗೆ ಬ್ರೆಡ್ ಹರಿಯುವುದಿಲ್ಲ, ಎಳೆದಾಗ ಸಿಗಡಿಯೆಲ್ಲ ಹಿಂದಿನಿಂದ ಜಾರಿ ತಟ್ಟೆಗೆ ಬೀಳುತ್ತದೆ. ಕಚ್ಚಿದಾಗ ಹೂರಣ ಹಿಂದಕ್ಕೆ ಓಡಿತೆಂದರೆ ತಪ್ಪು ಬ್ರೆಡ್ಡಿನದು, ನಿಮ್ಮ ಕೈಯದಲ್ಲ.

ಆಮೇಲೆ ಸಿಗಡಿ. ಬಾಲ ಪೂರ್ತಿ ತೆಗೆದಿರಬೇಕು. ಸ್ಯಾಂಡ್‌ವಿಚ್ ತಿನ್ನುವಾಗ ಬಾಲ ಉಗುಳುವ ಹಾಗಿರಬಾರದು. ದೊಡ್ಡ ಟೈಗರ್ ಸಿಗಡಿಗಿಂತ ಮಧ್ಯಮ ಗಾತ್ರದ್ದು ಮೇಲು, ಪ್ರತಿ ತುತ್ತಿಗೂ ಒಂದೆರಡು ಸಿಗುತ್ತದೆ. ಆರು ಇಂಚಿನ ತುಂಡಿಗೆ ಹತ್ತು-ಹನ್ನೆರಡಾದರೂ ಬೇಕು, ಅಂಚಿನಿಂದ ಹೊರಚೆಲ್ಲುವಷ್ಟು. ನಿಮಗೆ ಸಿಕ್ಕ ಆರೇಳು ಸಾಲದು. ಅರ್ಧ ಚಂದ್ರನಂತೆ ಬಾಗಿದ್ದರೆ ಹದವಾಗಿ ಬೆಂದಿದೆ. ಬಾಲ ತಲೆಗೆ ತಾಗುವಂತೆ ಸುತ್ತಿಕೊಂಡಿದ್ದರೆ ಎಣ್ಣೆಯಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದಾರೆ. ಬೆಂದ ಮೇಲೂ ಗಾಜಿನ ಹಾಗೆ ಕಂಡು, ರಬ್ಬರಿನಂತೆ ಪುಟಿದರೆ ನೀರು ಹಿಡಿಯಲು ಫಾಸ್ಫೇಟ್‌ನಲ್ಲಿ ನೆನೆಸಿದ ಫ್ರೋಜನ್ ಮಾಲು ಇರಬಹುದು. ಜೂನ್, ಜುಲೈ ತಿಂಗಳಲ್ಲಿ ಟ್ರಾಲಿಂಗ್ ಬಂದ್ ಇರುವುದರಿಂದ ಎಲ್ಲಿಯ ಸಿಗಡಿ ಎಂದು ಕೇಳಿಯೇ ಆರ್ಡರ್ ಮಾಡಿ. ಹೊಳೆಯದೋ ಉಪ್ಪುನೀರಿನ ಗಜನಿ ಗದ್ದೆಯದೋ ಆದರೆ ಚಿಂತೆಯಿಲ್ಲ.

ನ್ಯೂ ಆರ್ಲಿಯನ್ಸ್‌ನಲ್ಲಿ ಸಿಗಡಿಗೆ ಹಚ್ಚುವುದು ನುಣ್ಣಗೆ ಬೀಸಿದ ಹಳದಿ ಗೋವಿನಜೋಳದ ಹಿಟ್ಟು. ನಮ್ಮ ರವೆ ಅದಕ್ಕಿಂತ ತರಿ, ಆದರೆ ಗರಿಗರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕರಾವಳಿಯ ಹವೆಯಲ್ಲಿ ಅದೊಂದು ಒಳ್ಳೆಯ ಗುಣ. ‘ಕಾರವಾರ ರವಾ ಸಿಗಡಿ ಪೋ ಬಾಯ್’ ಎಂದು ಮೆನುವಿನಲ್ಲೇ ಬರೆದರೆ ಪ್ರಾಮಾಣಿಕವಾಗುತ್ತದೆ.

ಉಳಿದದ್ದು ಸೊಪ್ಪು-ಸಾಸು. ಅಲ್ಲಿ ‘ಡ್ರೆಸ್ಡ್’ ಎಂದು ಕೇಳಿದರೆ ಮಯೊನೀಸ್, ಸಣ್ಣಗೆ ಸೀಳಿದ ಲೆಟಿಸ್, ಟೊಮೆಟೊ, ವಿನೆಗರ್‌ನಲ್ಲಿ ನೆನೆಸಿದ ಸೌತೆಕಾಯಿ ಬಿಲ್ಲೆ ಬರುತ್ತದೆ. ಲೆಟಿಸ್ ಬದಲು ಎಲೆಕೋಸು ಹಾಕುವ ಪ್ರಸಿದ್ಧ ಹೋಟೆಲ್ ಆ ಊರಲ್ಲೇ ಇದೆ, ಮದರ್ಸ್ ಎಂದು. ಹಾಗಾಗಿ ಎಲೆಕೋಸಿಗೆ ಪೂರ್ತಿ ಅಂಕ. ಆದರೆ ಹುಳಿ ಸೌತೆಕಾಯಿ ಇಲ್ಲದಿದ್ದರೆ ಕರಿದದ್ದರ ಜಿಡ್ಡನ್ನು ಕತ್ತರಿಸುವವರೇ ಇಲ್ಲ. ಸಿಹಿ ಮಯೊನೀಸ್ ಆ ಕೊರತೆಯನ್ನು ಇನ್ನೂ ಎತ್ತಿ ತೋರಿಸುತ್ತದೆ. ಖಾರಕ್ಕೆ ಟಬಾಸ್ಕೊದಂಥ ತೆಳು, ಹುಳಿ ಸಾಸ್ ಬೇಕು. ಶೇಜ್ವಾನ್ ಚಟ್ನಿ ಹಾಕಿದರೆ ಬೇರೆಲ್ಲ ರುಚಿ ಅಡಗಿಹೋಗುತ್ತದೆ.

ಒಟ್ಟಿನಲ್ಲಿ ನಿಮ್ಮ ಹೋಟೆಲಿನವರು ಕೊಟ್ಟದ್ದು ಒಳ್ಳೆಯ ಸಿಗಡಿ ಬರ್ಗರ್. ಪೋ ಬಾಯ್ ಅಲ್ಲ.

ಪ್ರಶ್ನೆ: ಮನೆಯಲ್ಲಿ ಮಾಡಿದಾಗ ಹಿಟ್ಟು ಎಣ್ಣೆಯಲ್ಲೇ ಬಿಟ್ಟುಹೋಗುತ್ತದೆ, ಉಳಿದದ್ದು ಮೆತ್ತಗಾಗುತ್ತದೆ. ಮೀನಿಗೆ ಹಚ್ಚುವ ಹಾಗೆ ಅರಿಶಿನ, ಖಾರ, ಮುರುಗಲ ರಸ ಹಚ್ಚಿ ಒಂದು ಗಂಟೆ ಇಡುತ್ತೇನೆ. ಎಲ್ಲಿ ತಪ್ಪುತ್ತಿದೆ?
– ಅಂಕೋಲಾದ ಓದುಗರು

ಉತ್ತರ: ಆ ಒಂದು ಗಂಟೆಯೇ ತಪ್ಪು. ಉಪ್ಪು, ಹುಳಿ ಸೇರಿ ಸಿಗಡಿಯ ನೀರು ಹೊರಗೆಳೆಯುತ್ತವೆ. ಆ ನೀರಿನ ಮೇಲೆ ಹಿಟ್ಟು ಹಿಡಿಯುವುದಿಲ್ಲ. ಎಣ್ಣೆಯಲ್ಲಿ ಅದು ಆವಿಯಾಗಿ ಹಿಟ್ಟನ್ನು ಒಳಗಿನಿಂದ ತಳ್ಳಿಬಿಡುತ್ತದೆ. ಬಂಗಡೆ ತವಾಕ್ಕೆ ಸರಿಹೋಗುವ ಕ್ರಮ ಇಲ್ಲಿ ನಡೆಯುವುದಿಲ್ಲ.

ಇಬ್ಬರಿಗೆ ಸ್ವಚ್ಛ ಮಾಡಿದ 300 ಗ್ರಾಂ ಸಿಗಡಿ ಬೇಕು; ಪೇಟೆಯಲ್ಲಿ ತಲೆ-ಸಿಪ್ಪೆ ಸಮೇತ ಸುಮಾರು 600 ಗ್ರಾಂ ಕೊಳ್ಳಿ. ಬೆನ್ನಿನ ಕಪ್ಪು ನರ ತೆಗೆದು, ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ. ಒಂದು ಮೊಟ್ಟೆ, ಅರ್ಧ ಕಪ್ ಹಾಲು, ಒಂದು ಚಮಚ ಹುಳಿ-ಖಾರದ ಸಾಸ್ ಕಲಸಿ ಅದರಲ್ಲಿ 15 ನಿಮಿಷ ಮಾತ್ರ ಇಡಿ. ಬೇರೆ ತಟ್ಟೆಯಲ್ಲಿ ಒಂದು ಕಪ್ ಗೋವಿನಜೋಳದ ಹಿಟ್ಟು, ಅರ್ಧ ಕಪ್ ಮೈದಾ, ತಲಾ ಒಂದು ಚಮಚ ಉಪ್ಪು, ಕಾಳುಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ, ಅರ್ಧ ಚಮಚ ಖಾರದ ಪುಡಿ. ಕಿರಾಣಿ ಅಂಗಡಿಯ ಬಿಳಿ ಕಾರ್ನ್‌ಫ್ಲೋರ್ ತರಬೇಡಿ, ಅದು ಗೋಬಿ ಮಂಚೂರಿಗೆ ಹಾಕುವ ಪಿಷ್ಟ. ಹಳದಿ ಹಿಟ್ಟನ್ನೇ ಗಿರಣಿಯಲ್ಲಿ ಬೀಸಿಸಿ.

ಸಿಗಡಿಯನ್ನು ಹಿಟ್ಟಿನಲ್ಲಿ ಹೊರಳಿಸಿ, ಕೊಡವಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹತ್ತು ನಿಮಿಷ ಬಿಡಿ. ಹಿಟ್ಟು ತೇವ ಹೀರಿ ಅಂಟಿಕೊಳ್ಳುವುದು ಈ ಹತ್ತು ನಿಮಿಷದಲ್ಲಿ, ದಯವಿಟ್ಟು ಗಡಿಬಿಡಿ ಮಾಡಬೇಡಿ. ಎಣ್ಣೆ 180 ಡಿಗ್ರಿ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಬ್ರೆಡ್ಡಿನ ಚೂರು ಹಾಕಿ ನೋಡಿ: ಕೂಡಲೇ ತೇಲಿ, ಅರ್ಧ-ಮುಕ್ಕಾಲು ನಿಮಿಷದಲ್ಲಿ ಕಂದಬೇಕು. ಒಮ್ಮೆಗೆ ಎಂಟು-ಹತ್ತು ಸಿಗಡಿ, ಎರಡು ನಿಮಿಷ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಎಣ್ಣೆ ತಣಿದು ಹಿಟ್ಟು ಎಣ್ಣೆ ಕುಡಿಯುತ್ತದೆ. ತೆಗೆದು ಜಾಲರಿಯ ಮೇಲೆ ಹರಡಿ. ಪೇಪರ್ ಮೇಲೆ ರಾಶಿ ಹಾಕಿದರೆ ತಮ್ಮ ಆವಿಯಲ್ಲೇ ಮೆತ್ತಗಾಗುತ್ತವೆ. ಬ್ರೆಡ್ಡಿನ ಎರಡೂ ಒಳಮೈಗೆ ಅಂಚಿನವರೆಗೂ ಮಯೊನೀಸ್ ಸವರಿ, ಟೊಮೆಟೊದ ನೀರು ಬ್ರೆಡ್ಡಿಗೆ ಇಳಿಯುವುದನ್ನು ಅದು ತಡೆಯುತ್ತದೆ. ಪಾರ್ಸೆಲ್ ಒಯ್ಯುವುದಾದರೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿ ಬೇಡ.

ಪ್ರಶ್ನೆ: ಸಣ್ಣ ಕೆಫೆ ಇದೆ. ಇಲ್ಲಿ ಪಾವ್ ಬಿಟ್ಟರೆ ಬೇರೆ ಬ್ರೆಡ್ ಸಿಗುವುದಿಲ್ಲ. ಪಾವ್ ಮಾಡುವವರಿಗೆ ಏನು ಹೇಳಿ ಮಾಡಿಸಬಹುದು?
– ಕುಮಟಾದ ಓದುಗರು

ಉತ್ತರ: ಪಾವ್ ಹಿಟ್ಟು ಅರ್ಧ ದಾರಿ ತಲುಪಿಸುತ್ತದೆ. ಒಂದು ಕಿಲೋ ಮೈದಾಕ್ಕೆ 600 ಮಿ.ಲೀ. ನೀರು, 10 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 20 ಗ್ರಾಂ ಉಪ್ಪು, 15 ಗ್ರಾಂ ಸಕ್ಕರೆ, 20 ಗ್ರಾಂ ಎಣ್ಣೆ ಎಂದು ಬರೆದುಕೊಡಿ. 170 ಗ್ರಾಂ ಉಂಡೆಯನ್ನು ಹತ್ತು ಇಂಚು ಉದ್ದಕ್ಕೆ, ತುದಿ ಚೂಪಾಗದಂತೆ ಹೊರಳಿಸಿ, ಎರಡು ಪಟ್ಟಿಗೂ ತುಸು ಹೆಚ್ಚು ಉಬ್ಬಲು ಬಿಡಬೇಕು. ಪಾವ್ ಒಂದಕ್ಕೊಂದು ಅಂಟಿಕೊಂಡು ಬೇಯುವುದರಿಂದಲೇ ಅದರ ಬದಿ ಮೆತ್ತಗೆ. ಇದನ್ನು ನಾಲ್ಕು ಬೆರಳಷ್ಟು ದೂರದೂರ ಇಡಬೇಕು. ಭಟ್ಟಿಯೊಳಗೆ ಬಿಸಿನೀರಿನ ಟ್ರೇ ಇಟ್ಟು ಮೊದಲ ಹತ್ತು ನಿಮಿಷ ಆವಿ ಕೊಟ್ಟು, ನಂತರ ಟ್ರೇ ತೆಗೆದು ಮತ್ತೆ ಹತ್ತು-ಹನ್ನೆರಡು ನಿಮಿಷ, 210 ಡಿಗ್ರಿಯಲ್ಲಿ. ಹೊರತೆಗೆದ ಮೇಲೆ ಎಣ್ಣೆ ಸವರುವುದು, ಬಟ್ಟೆ ಮುಚ್ಚುವುದು ಎರಡೂ ಬೇಡವೆಂದು ಒತ್ತಿ ಹೇಳಿ. ಅಭ್ಯಾಸಬಲದಿಂದ ಮಾಡಿಬಿಡುತ್ತಾರೆ, ಗರಿಗರಿ ಅಲ್ಲಿಗೇ ಮುಗಿಯುತ್ತದೆ. ಮಳೆಗಾಲದಲ್ಲಿ ಬೆಳಗಿನ ಬ್ರೆಡ್ ಮಧ್ಯಾಹ್ನಕ್ಕೇ ತಣ್ಣಗೆ ಮೆತ್ತಗಾಗುತ್ತದೆ. ಬಡಿಸುವ ಮುನ್ನ 180 ಡಿಗ್ರಿ ಓವನ್‌ನಲ್ಲಿ ನಾಲ್ಕು ನಿಮಿಷ ಇಡಿ.

ಪ್ರಶ್ನೆ: ಗೋವಾದ ಹೋಟೆಲೊಂದರ ಮೆನುವಿನಲ್ಲಿ ‘ಫ್ರೆಂಚ್ ಫ್ರೈ ಪೋ ಬಾಯ್’ ಇತ್ತು. ನಾವು ಸಸ್ಯಾಹಾರಿಗಳು. ತಿನ್ನಬಹುದೇ?
– ಶಿರಸಿಯ ಓದುಗರು

ಉತ್ತರ: ಕೇಳದೆ ತಿನ್ನಬೇಡಿ. ಆಲೂಗಡ್ಡೆಯ ಪೋ ಬಾಯ್ ನ್ಯೂ ಆರ್ಲಿಯನ್ಸ್‌ನಲ್ಲಿ ಹಳೆಯದೇ, ಆದರೆ ಅದರ ಮೇಲೆ ಸುರಿಯುವುದು ದನದ ಮಾಂಸದ ಗ್ರೇವಿ. ಅಣಬೆ, ಈರುಳ್ಳಿಯನ್ನು ಕಂದುವವರೆಗೆ ಹುರಿದು ಮಾಡಿದ ಗ್ರೇವಿಯೂ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಚಮಚದ ಬೆನ್ನಿಗೆ ಅಂಟುವಷ್ಟು ದಪ್ಪವಿದ್ದರೆ ಸಾಕು. ಮಯೊನೀಸ್‌ನಲ್ಲಿ ಮೊಟ್ಟೆ ಇದೆಯೇ ಎಂದೂ ವಿಚಾರಿಸಿ. ಹೆಚ್ಚಿನವರು ಮರೆಯುವ ಪ್ರಶ್ನೆ ಎಣ್ಣೆಯದು: ಸಿಗಡಿ ಕರಿದ ಬಾಣಲೆಯಲ್ಲೇ ಆಲೂಗಡ್ಡೆಯನ್ನೂ ಕರಿಯುವ ಅಡುಗೆಮನೆಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. ಬೇರೆ ಬಾಣಲೆ ಇದೆಯೇ ಎಂದು ಮಾಣಿಯನ್ನಲ್ಲ, ಅಡುಗೆಯವರನ್ನೇ ಕೇಳಿ.